ಓದುಗರ ಪ್ರಶ್ನೆ: ಚಾಲೆಂಜರ್ ಮತ್ತು ಐಸ್ ನೀರಿನ ಲೋಟ

ಪ್ರಶ್ನೆ: ಬಿಬಿಸಿಯ ‘ದ ಚಾಲೆಂಜರ್’ (2013) ನೋಡಿದೆ. ವಿಲಿಯಂ ಹರ್ಟ್ ಅಭಿನಯಿಸಿದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕ್ಲಾಂಪಿನಲ್ಲಿ ಬಿಗಿದ ರಬ್ಬರಿನ ತುಂಡೊಂದನ್ನು ಐಸ್ ನೀರಿಗೆ ಹಾಕಿ ತೆಗೆದು ತೋರಿಸುತ್ತಾರೆ. 1986ರ ಜನವರಿ 28ರಂದು ಏಳು ಜನರನ್ನು ಬಲಿ ತೆಗೆದುಕೊಂಡ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ಕಾರಣ ನಿಜಕ್ಕೂ ಇಷ್ಟು ಸರಳವೇ?

ಉತ್ತರ: ಪ್ರಯೋಗ ನಡೆದದ್ದು ನಿಜ. 1986ರ ಫೆಬ್ರವರಿ 11ರಂದು, ದುರಂತದ ತನಿಖೆಗೆ ನೇಮಕವಾದ ರೋಜರ್ಸ್ ಆಯೋಗದ ಬಹಿರಂಗ ವಿಚಾರಣೆಯಲ್ಲಿ. ಫೈನ್‌ಮನ್ ಅದನ್ನು ಅಂದು ಬೆಳಿಗ್ಗೆಯೇ ಒಮ್ಮೆ ಮಾಡಿ ನೋಡಿಕೊಂಡಿದ್ದರು. ಸಭೆಯಲ್ಲಿ ಅವರ ಮುಂದೆ ಐಸ್ ನೀರು ಇರಲಿಲ್ಲ, ಕೇಳಿ ತರಿಸಬೇಕಾಯಿತು. ಮೈಕಿನ ಗುಂಡಿಗೆ ಕೈ ಹಾಕಿದಾಗ ಪಕ್ಕದಲ್ಲಿದ್ದ ಆಯೋಗದ ಇನ್ನೊಬ್ಬ ಸದಸ್ಯ ಜನರಲ್ ಕುಟೀನಾ ‘ಈಗ ಬೇಡ’ ಎಂದು ತಡೆದರು.

ಆದರೆ ಲೋಟ ತೋರಿಸುವುದು ಅರ್ಧ ಕಾರಣವನ್ನು ಮಾತ್ರ: ತಣ್ಣಗಾದ ರಬ್ಬರ್ ಒತ್ತಡ ಬಿಟ್ಟ ಮೇಲೂ ಬೇಗ ಹಿಗ್ಗುವುದಿಲ್ಲ. ನಿಧಾನವಾದರೆ ಏನು ಕೆಟ್ಟಿತು ಎಂಬ ಇನ್ನರ್ಧ ತಿಳಿಯಬೇಕಾದರೆ ಬೂಸ್ಟರಿನ ಜೋಡಣೆಯನ್ನು ನೋಡಬೇಕು.

ನೌಕೆಯನ್ನು ಮೇಲಕ್ಕೆ ತಳ್ಳುವ ಪಕ್ಕದ ರಾಕೆಟ್, ಅಂದರೆ ಘನ ಇಂಧನದ ಬೂಸ್ಟರ್, ಸುಮಾರು 3.7 ಮೀಟರ್ ವ್ಯಾಸದ ಉಕ್ಕಿನ ಕೊಳವೆ. ತುಂಡು ತುಂಡಾಗಿ ತಂದು ಉಡಾವಣಾ ಕೇಂದ್ರದಲ್ಲಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಮೇಲಿನ ತುಂಡಿನ ಅಂಚು ಕೆಳಗಿನದರ ಕವಲಿನೊಳಗೆ ಇಳಿಯುತ್ತದೆ. ಸುತ್ತಲೂ 177 ಪಿನ್ನುಗಳು ಅದನ್ನು ಹಿಡಿದಿಡುತ್ತವೆ. ನಡುವಿನ ಸಂದಿಯನ್ನು ಮುಚ್ಚಲು ಎರಡು ಓ-ರಿಂಗ್‌ಗಳು, ಅಂದರೆ ರಬ್ಬರಿನ ಬಳೆಗಳು. ಒಂದೊಂದರ ದಪ್ಪ ಬರೀ 7.1 ಮಿಲಿಮೀಟರ್, ಸುತ್ತಳತೆ 11 ಮೀಟರಿಗೂ ಹೆಚ್ಚು. ಬೆಂಕಿ ಹೊತ್ತಿದ ಕ್ಷಣ ಒಳಗಿನ ಒತ್ತಡಕ್ಕೆ ಕೊಳವೆಯ ಗೋಡೆ ಹೊರಕ್ಕೆ ಉಬ್ಬುತ್ತದೆ. ಗಟ್ಟಿಯಾದ ಜೋಡಣೆ ಅಷ್ಟು ಉಬ್ಬದೆ ತುಸು ಬಾಗುತ್ತದೆ, ಸಂದಿ ಬಿಚ್ಚಿಕೊಳ್ಳುತ್ತದೆ. ಬಿಚ್ಚುವುದು ಒಂದು ಮಿಲಿಮೀಟರಿಗೂ ಕಡಿಮೆ, ಆದರೆ ಮೊದಲ 0.6 ಸೆಕೆಂಡಿನೊಳಗೆ. ಅಷ್ಟರಲ್ಲಿ ರಬ್ಬರ್ ಉಬ್ಬಿ ಸಂದಿ ತುಂಬಲೇಬೇಕು. 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ರಬ್ಬರ್ ಮೊದಲಿನ ಆಕಾರಕ್ಕೆ ಮರಳುವ ಚುರುಕು, ಮೈನಸ್ 1 ಡಿಗ್ರಿಯಲ್ಲಿ ಇರುವುದಕ್ಕಿಂತ ಐದು ಪಟ್ಟು. ಉಡಾವಣೆಯ ದಿನ, ಜನವರಿ 28ರ ಬೆಳಿಗ್ಗೆ, ಬಲ ಬೂಸ್ಟರಿನ ಕೆಳಗಿನ ಜೋಡಣೆ ಸುಮಾರು ಮೈನಸ್ 2 ಡಿಗ್ರಿಯಲ್ಲಿತ್ತು.

ಪ್ರಶ್ನೆ: ಸೀಲು ಮೊದಲ ಅರೆ ಸೆಕೆಂಡಿನಲ್ಲೇ ಸೋತಿದ್ದರೆ ನೌಕೆ 73 ಸೆಕೆಂಡು ಹಾರಿದ್ದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ, ಎಷ್ಟೋ ಮಂದಿ ಇದನ್ನು ಕೇಳಿಕೊಳ್ಳುವುದೇ ಇಲ್ಲ. 0.678 ಸೆಕೆಂಡಿಗೇ ಆ ಜೋಡಣೆಯಿಂದ ಕಪ್ಪು ಹೊಗೆ ಚಿಮ್ಮಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಕಪ್ಪು ಎಂದರೆ ರಬ್ಬರ್ ಮತ್ತು ಗ್ರೀಸ್ ಉರಿಯುತ್ತಿತ್ತು. ಸುಮಾರು 2.5 ಸೆಕೆಂಡಿನ ಹೊತ್ತಿಗೆ ಹೊಗೆ ನಿಂತಿತು. ಇಂಧನದಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಅದು ಉರಿದು ಉಳಿದ ಆಕ್ಸೈಡಿನ ಕಿಟ್ಟ ಬಿರುಕಿನಲ್ಲಿ ಹೆಪ್ಪುಗಟ್ಟಿ ತಾತ್ಕಾಲಿಕ ಬಿರಡೆಯಾಗಿರಬೇಕು ಎಂಬುದು ಒಪ್ಪಿತ ವಿವರಣೆ. 37ನೇ ಸೆಕೆಂಡಿನಿಂದ ಮೇಲಿನ ಗಾಳಿಯ ಬಲವಾದ ಹೊಡೆತಗಳಿಗೆ ನೌಕೆ ಅಲುಗಾಡಿತು. 58.8 ಸೆಕೆಂಡಿಗೆ ಅದೇ ಜಾಗದಲ್ಲಿ ಜ್ವಾಲೆ ಕಾಣಿಸಿತು. 64.7ಕ್ಕೆ ಹೈಡ್ರೋಜನ್ ಟ್ಯಾಂಕ್ ಸೋರತೊಡಗಿತು, 72ಕ್ಕೆ ಬೂಸ್ಟರನ್ನು ಹಿಡಿದಿದ್ದ ಕೆಳಗಿನ ಆಧಾರ ಕಳಚಿತು. 14 ಕಿಲೋಮೀಟರ್ ಎತ್ತರದಲ್ಲಿ ನೌಕೆಯನ್ನು ಒಡೆದದ್ದು ಮುಖ್ಯವಾಗಿ ಗಾಳಿಯ ಬಲ. ‘ಸ್ಫೋಟ’ ಎಂಬ ಮಾತು ರೂಢಿಯಲ್ಲಿದೆ, ಸರಿಯಲ್ಲ. ಸಿಬ್ಬಂದಿಯ ಕೋಣೆ ಒಂದೇ ತುಂಡಾಗಿ ಹೊರಬಂದು, 2 ನಿಮಿಷ 45 ಸೆಕೆಂಡುಗಳ ಬಳಿಕ ಸಮುದ್ರಕ್ಕೆ ಬಿತ್ತು. ಆ ಏಳು ಜನರ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು.

ಪ್ರಶ್ನೆ: ಎಂಜಿನಿಯರ್‌ಗಳಿಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಹಾಗಾದರೆ ತಡೆಯಲಾಗಲಿಲ್ಲವೇಕೆ?

ಉತ್ತರ: ಗೊತ್ತಿತ್ತು. ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲೇ 1985ರ ಜುಲೈನಲ್ಲೇ ಲಿಖಿತವಾಗಿ ಎಚ್ಚರಿಸಿದ್ದರು. ಉಡಾವಣೆಯ ಹಿಂದಿನ ರಾತ್ರಿಯ ದೂರವಾಣಿ ಸಭೆಯಲ್ಲಿ ಕಂಪನಿ ಮೊದಲು, 12 ಡಿಗ್ರಿಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದೇ ಹೇಳಿತು. ಅಲ್ಲಿಯವರೆಗಿನ ಅತಿ ತಣ್ಣನೆಯ ಉಡಾವಣೆ ಆ ಉಷ್ಣತೆಯದು. ನಾಸಾ ಅಧಿಕಾರಿಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ ಮೇಲೆ ಕಂಪನಿಯ ಆಡಳಿತ ಮಾತು ಬದಲಿಸಿತು. ಉಡಾವಣಾ ಕೇಂದ್ರವಿರುವ ಫ್ಲಾರಿಡಾದಲ್ಲಿದ್ದ ಕಂಪನಿಯ ಎಂಜಿನಿಯರ್ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿ. 24 ಡಿಗ್ರಿಯಲ್ಲಿ ಹಾರಿದ ನೌಕೆಯಲ್ಲೂ ಒಮ್ಮೆ ಸೀಲಿನ ತೊಂದರೆ ಕಂಡಿತ್ತು. ಹಾನಿಯಾದ ಉಡಾವಣೆಗಳನ್ನಷ್ಟೇ ಪಟ್ಟಿಮಾಡಿದಾಗ, ಚಳಿಗೂ ಹಾನಿಗೂ ಸಂಬಂಧವಿಲ್ಲ ಎಂದು ವಾದಿಸಲು ಅದು ಸಾಕಾಯಿತು. ಹಾನಿಯಾಗದ ಉಡಾವಣೆಗಳನ್ನೂ ಸೇರಿಸಿ ನೋಡಿ: 19 ಡಿಗ್ರಿ ಅಥವಾ ಮೇಲಿದ್ದ 20ರಲ್ಲಿ ಕೇವಲ 3ಕ್ಕೆ ತೊಂದರೆ; 18ಕ್ಕಿಂತ ಕೆಳಗಿದ್ದ 4ರಲ್ಲಿ ನಾಲ್ಕಕ್ಕೂ. ಆ ರಾತ್ರಿ ಈ ಪೂರ್ತಿ ಪಟ್ಟಿ ಯಾರ ಮುಂದೆಯೂ ಇರಲಿಲ್ಲ. ಈ ದುರಂತದಲ್ಲಿ ಎಲ್ಲಕ್ಕಿಂತ ನೋವು ಕೊಡುವುದು ನಮಗೆ ಇದೇ.

ಪ್ರಶ್ನೆ: ಚಳಿಗೆ ಓ-ರಿಂಗ್ ಏನಾಗುತ್ತದೆಂದು ಕುಟೀನಾ ಕಾರಿನ ಕಾರ್ಬ್ಯುರೇಟರ್ (ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸುವ ಭಾಗ) ವಿಷಯ ಎತ್ತಿ ಫೈನ್‌ಮನ್‌ಗೆ ಸುಳಿವು ಕೊಟ್ಟರಂತೆ. ನೇರವಾಗಿ ಹೇಳಬಹುದಿತ್ತಲ್ಲ?

ಉತ್ತರ: ಮಾಹಿತಿಯ ಮೂಲವನ್ನು ಕಾಪಾಡಬೇಕಿತ್ತು. ಚಳಿಗೆ ಓ-ರಿಂಗ್ ಪೆಡಸಾಗುತ್ತದೆಂಬ ಅಂಕಿಗಳ ಕಾಗದವನ್ನು ಅವರ ಕೈಗಿಟ್ಟವರು ಗಗನಯಾತ್ರಿ, ಆಯೋಗದ ಸದಸ್ಯೆ ಸ್ಯಾಲಿ ರೈಡ್. ಅವರು 2012ರಲ್ಲಿ ತೀರಿಕೊಂಡ ಮೇಲಷ್ಟೇ ಕುಟೀನಾ ಹೆಸರು ಹೇಳಿದರು. ಲೋಟದ ಪ್ರಯೋಗ ಒಬ್ಬರ ಹೊಳಹು ಮಾತ್ರವಲ್ಲ ಎಂಬುದನ್ನು ನೋಡುಗರು ತಿಳಿದಿರಬೇಕು.

ಪ್ರಶ್ನೆ: ಇದನ್ನು ತರಗತಿಯಲ್ಲಿ ಮಾಡಿ ತೋರಿಸಿದೆ, ರಬ್ಬರ್ ತಕ್ಷಣ ಹಿಗ್ಗಿಬಿಟ್ಟಿತು. ತಪ್ಪಿದ್ದೆಲ್ಲಿ?

ಉತ್ತರ: ಬಹುಶಃ ರಬ್ಬರಿನಲ್ಲಿ. ಬೂಸ್ಟರಿನದು ವಿಟಾನ್ ಎಂಬ ಫ್ಲೋರೋ ರಬ್ಬರ್. ನೈಟ್ರೈಲ್ ರಬ್ಬರಿನಲ್ಲಿ 0 ಡಿಗ್ರಿಗೆ ವ್ಯತ್ಯಾಸ ಕಡಿಮೆ, ಸಿಲಿಕೋನಿನಲ್ಲಿ ಬಹುತೇಕ ಕಾಣುವುದೇ ಇಲ್ಲ. 6–7 ಮಿಲಿಮೀಟರ್ ದಪ್ಪದ ವಿಟಾನ್ ಓ-ರಿಂಗಿನಿಂದ 4–5 ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ. ಎರಡು ಸಣ್ಣ ಸಿ-ಕ್ಲಾಂಪ್‌ಗಳಲ್ಲಿ ಎರಡನ್ನೂ ಒಂದೇ ಅಳತೆಗೆ, ಮುಕ್ಕಾಲು ದಪ್ಪ ಉಳಿಯುವಷ್ಟು ಬಿಗಿಯಿರಿ. ಒಂದನ್ನು ಕೋಣೆಯ ನೀರಿನಲ್ಲಿ, ಇನ್ನೊಂದನ್ನು ಐಸ್ ನೀರಿನಲ್ಲಿ 15 ನಿಮಿಷ ಬಿಡಿ. ಐಸ್ ಕರಗಿಹೋದರೆ ಮತ್ತೆ ಹಾಕಿ, ಥರ್ಮಾಮೀಟರ್ ಇಟ್ಟು ನೋಡುತ್ತಿರಿ. ತುಂಡಿಗೆ ಬೆರಳು ತಾಗಿಸಬೇಡಿ. ತೆಳು ರಬ್ಬರ್ ಕೈಯ ಬಿಸಿಗೆ ಕೆಲವೇ ಸೆಕೆಂಡಿನಲ್ಲಿ ಚೇತರಿಸಿಕೊಳ್ಳುತ್ತದೆ. ಸಾಧ್ಯವಾದರೆ ನೀರಿನೊಳಗೇ ತಿರುಪು ಸಡಿಲಿಸಿ, ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರೀಕರಿಸಿ. ಕಣ್ಣಿಗೆ ತಪ್ಪಿದ ವ್ಯತ್ಯಾಸ ಅದರಲ್ಲಿ ಸಿಗುತ್ತದೆ.

ಪ್ರಶ್ನೆ: ಆಮೇಲೆ ಜೋಡಣೆಯನ್ನು ಬದಲಿಸಿದರೇ?

ಉತ್ತರ: ಹೌದು. ಸಂದಿ ಬಿಚ್ಚದಂತೆ ಒಳಗಿನಿಂದ ಹಿಡಿಯುವ ಒಂದು ತುಟಿ, ಮೂರನೆಯ ಓ-ರಿಂಗ್, ಜೋಡಣೆಯನ್ನು ಬೆಚ್ಚಗಿಡುವ ಹೀಟರ್‌ಗಳು. 1988ರ ಸೆಪ್ಟೆಂಬರ್ 29ರಂದು ಡಿಸ್ಕವರಿ ನೌಕೆ ಹಾರಿದ್ದು ಈ ಹೊಸ ಜೋಡಣೆಯೊಂದಿಗೆ.