ಹಿರಿಯ ಸಿಸ್ಟರ್‌ಗಳು ಹೊಸ ಸಂಶೋಧನೆ ಒಪ್ಪೋದೇ ಇಲ್ಲ. ಎಂ.ಎಸ್ಸಿ. ನರ್ಸಿಂಗ್ ಮಾಡಿಕೊಂಡರೆ ವಾರ್ಡಿನಲ್ಲಿ ನನ್ನ ಮಾತು ನಡೆಯುತ್ತಾ?

ನಡೆಯಲ್ಲ. ಹಿರಿಯರು ಒಪ್ಪಲ್ಲ ಅನ್ನೋ ಮಾತನ್ನೂ ನಾನು ಪೂರ್ತಿ ನಂಬಲ್ಲ. ಒಂದು ಕಾಲಕ್ಕೆ ನಾನೂ ಇದನ್ನೇ ಹೇಳಿಕೊಂಡು ಓಡಾಡ್ತಿದ್ದೆ.

ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆ, ಸರ್ಜಿಕಲ್ ವಾರ್ಡು. ಆಪರೇಷನ್ನಿನ ಹಿಂದಿನ ರಾತ್ರಿ ಆಯಮ್ಮನೋ ವಾರ್ಡ್ ಬಾಯೋ ಬ್ಲೇಡು ಹಿಡಿದು ಬರೋರು. ಹರ್ನಿಯಾ ಇರಲಿ, ಪಿತ್ತಕೋಶದ ಕಲ್ಲಿರಲಿ, ಎದೆಯಿಂದ ತೊಡೆವರೆಗೆ ಬೋಳು. ಕೇಸ್ ಶೀಟಿನಲ್ಲಿ 'ಪಾರ್ಟ್ ಪ್ರಿಪರೇಷನ್' ಅಂತ ಬರೆದಿದ್ದರೆ ಅರ್ಥ ಇಷ್ಟೇ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರು ಬಿಡುತ್ತೆ, ರಾತ್ರಿಯಿಡೀ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ಬೆಳಗ್ಗೆ ಅದೇ ಜಾಗದಲ್ಲಿ ಕೊಯ್ಯೋದು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯಲ್ಲಿ ಸುತ್ತಿ ಬಳಸಿ ಹೇಳಿದ್ದೇನೂ ಇಲ್ಲ. ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ (ಚರ್ಮ ಗೀರದೆ ಕೂದಲು ಕತ್ತರಿಸೋ ಮೆಷಿನ್ನು) ಬಳಸಿ, ಬ್ಲೇಡು ವಾರ್ಡಿನಲ್ಲೂ ಬೇಡ, ಆಪರೇಷನ್ ಥಿಯೇಟರಿನಲ್ಲೂ ಬೇಡ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತೆ, ಯಾವ ಡಿಗ್ರಿಯೂ ಬೇಕಿಲ್ಲ.

ನಾನು ಆ ಪುಟ ಪ್ರಿಂಟ್ ತೆಗೆಸಿ, ರೌಂಡ್ಸ್ ನಡೀತಿದ್ದಾಗ ಸರ್ಜನ್ ಕೈಗೆ ಕೊಟ್ಟೆ.

ಇದರಲ್ಲಿ ತಪ್ಪೇನು ಅಂತ ನಿಮಗನ್ನಿಸಬಹುದು, ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಸರ್ಜನ್ ಓದಿ, ಇನ್‌ಚಾರ್ಜ್ ಸಿಸ್ಟರ್ ಕಡೆ ತಿರುಗಿ, "ಏನ್ ಸಿಸ್ಟರ್, ಇದನ್ನೆಲ್ಲ ನೋಡಲ್ವಾ ನೀವು?" ಅಂದರು. ಹೌಸ್ ಸರ್ಜನ್‌ಗಳ (ತರಬೇತಿಯಲ್ಲಿರೋ ಡಾಕ್ಟರುಗಳ) ಮುಂದೆ, ರೋಗಿಗಳ ಮುಂದೆ. 'ಪಾರ್ಟ್ ಪ್ರಿಪರೇಷನ್' ಆರ್ಡರಿಗೆ ಸಹಿ ಹಾಕ್ತಿದ್ದವರು ಇದೇ ಸರ್ಜನ್ನು, ಬೈಸಿಕೊಂಡವರು ಸಿಸ್ಟರು. ವಯಸ್ಸಲ್ಲಿ ನನ್ನ ತಾಯಿಯಷ್ಟಿರೋ ಹೆಂಗಸು. ಆ ಹಾಳೆ ಮೊದಲು ಅವರ ಕೈಗೆ ಹೋಗಬೇಕಿತ್ತು, ಮಧ್ಯಾಹ್ನದ ಟೀ ಹೊತ್ತಲ್ಲಿ, ಯಾರೂ ಇಲ್ಲದಾಗ. ಡಾಕ್ಟರಿಗೆ ಹೇಳೋ ಹೆಗ್ಗಳಿಕೆ ಅವರದೇ ಆಗಬೇಕಿತ್ತು. ನಾನು ರೋಗಿಯ ಹೊಟ್ಟೆ ಬಗ್ಗೆ ಮಾತಾಡ್ತಿದ್ದೀನಿ ಅಂದುಕೊಂಡಿದ್ದೆ, ವಾರ್ಡಿನವರ ಕಿವಿಗೆ ಬಿದ್ದಿದ್ದು ಚಾಡಿ. ಸಿಸ್ಟರ್ ಒಂದು ಮಾತೂ ಆಡಲಿಲ್ಲ. ಮುಂದಿನ ಡ್ಯೂಟಿ ಪಟ್ಟಿ ಬಂದಾಗ ನನಗೆ ನೈಟ್ ಡ್ಯೂಟಿ, ಅದರ ಮೇಲೆ ಇನ್ನೊಂದು ನೈಟ್. ಅದಾದರೂ ಹೋಗಲಿ. ತರಿಸಿದ ಕ್ಲಿಪ್ಪರಿಗೆ 'ಆ ಹುಡುಗಿಯ ಮೆಷಿನ್ನು' ಅಂತ ಹೆಸರು ಬಿತ್ತು, ಅದು ಬೀರುವಿನಿಂದ ಆಚೆಗೇ ಬರಲಿಲ್ಲ.

ನೈಟ್ ಡ್ಯೂಟಿಯಲ್ಲಿ ಕಂಡಿದ್ದು ಇನ್ನೊಂದು. ಶೇವಿಂಗ್ ಮುಗಿದ ಮೇಲೆ ರೋಗಿಯ ಕಡೆಯವರು ಟೀ ಕಾಸು ಕೊಡೋರು. ಕೂದಲೇ ತೆಗೀಬೇಡಿ ಅಂದರೆ ಆ ಕಾಸು ಹೋಯ್ತು. (ಆ ಕಾಸು ಸರಿಯೇ ಅಂತ ಕೇಳಬೇಡಿ, ಅದು ಬೇರೆ ಜಗಳ.) ಇತ್ತ ಮನೆಯವರು, ಶೇವ್ ಮಾಡದಿದ್ದರೆ ನಮ್ಮನ್ನ ಸರಿಯಾಗಿ ನೋಡ್ತಿಲ್ಲ ಅಂತ ಗೊಣಗೋರು. ಇವರಲ್ಲಿ ಯಾರೂ ಸಂಶೋಧನೆಯ ವಿರೋಧಿಗಳಲ್ಲ.

"ನಮ್ಮ ವಾರ್ಡಲ್ಲಿ ಇನ್ಫೆಕ್ಷನ್ನೇ ಇಲ್ಲ" ಅಂತ ಸಿಸ್ಟರ್ ಯಾವಾಗಲೂ ಹೇಳ್ತಿದ್ದರು, ಅದೂ ಸುಳ್ಳಲ್ಲ, ಅವರ ಕಣ್ಣಿಗೆ ಬೀಳ್ತಿರಲಿಲ್ಲ ಅಷ್ಟೆ. ಆಪರೇಷನ್ ಗಾಯದ ಸೋಂಕನ್ನ ಕನಿಷ್ಠ 30 ದಿನದವರೆಗೆ ಲೆಕ್ಕ ಹಿಡೀಬೇಕು. ನಮ್ಮ ರೋಗಿಗಳು ಅದಕ್ಕೆ ಬಹಳ ಮೊದಲೇ ಡಿಸ್ಚಾರ್ಜ್ ಆಗಿ ಮುಳಬಾಗಿಲು ಕಡೆಯ, ತೆಲುಗು ಮಾತಾಡೋ ಹಳ್ಳಿಗೆ ಹೋಗೋರು. ಕೀವು ಬಂದರೆ ಅಲ್ಲೇ ಯಾವುದೋ ಕ್ಲಿನಿಕ್ಕಲ್ಲಿ ಡ್ರೆಸ್ಸಿಂಗ್. ಕೊನೆಗೆ ನಾನು ಸಿಸ್ಟರ್ ಹತ್ತಿರ ಹೋಗಿ ಕೇಳಿದ್ದು ಕ್ಲಿಪ್ಪರ್ ಬಗ್ಗೆ ಅಲ್ಲ. "ಸಿಸ್ಟರ್, ನನಗೆ ತೆಲುಗು ಅಷ್ಟಾಗಿ ಬರಲ್ಲ, ಮನೆಗೆ ಹೋದವರಿಗೆ ನೀವೊಂದು ಫೋನ್ ಮಾಡಿ ಗಾಯ ಹೇಗಿದೆ ಕೇಳ್ತೀರಾ?" ಅಂದೆ. ಅವರು ಮಾಡಿದರು. ಡಿಸ್ಚಾರ್ಜ್ ರಿಜಿಸ್ಟರಿನಲ್ಲಿ ಅವರದೇ ಕೈಬರಹದಲ್ಲಿ 'ಕೀವು', 'ಹೊಲಿಗೆ ಬಿಟ್ಟಿದೆ' ಅಂತ ಸಾಲುಗಳು ಸೇರಿದವು. ಬೀರು ತೆಗೆದವರೂ ಅವರೇ, ಸರ್ಜನ್ ಹತ್ತಿರ ಮಾತಾಡಿದವರೂ ಅವರೇ.

ಕ್ಲಿಪ್ಪರಿನಿಂದ ಸೋಂಕು ಇಳಿಯಿತು ಅಂತ ಎದೆ ತಟ್ಟಿ ಹೇಳಲಾರೆ. ಅದೇ ಸಮಯಕ್ಕೆ ಆಂಟಿಬಯಾಟಿಕ್ ಕೊಡೋ ಹೊತ್ತೂ ಬದಲಾಯ್ತು, ಒಂದು ವಾರ್ಡಿನ ರಿಜಿಸ್ಟರಿನಿಂದ ಅದನ್ನೂ ಇದನ್ನೂ ಬೇರೆ ಮಾಡೋಕಾಗಲ್ಲ.

ಪಾಠ ಹೇಳೋ ಆಸೆ ಇದ್ದರೆ ಎಂ.ಎಸ್ಸಿ. ಮಾಡಿ. ಇದಕ್ಕೋಸ್ಕರ ಬೇಡ. ಏನು ಬದಲಾಯಿಸಬೇಕು ಅಂತಿದ್ದೀರೋ ನೀವು ಬರೆದಿಲ್ಲ. ಏನೇ ಇರಲಿ, ಅದರಿಂದ ಯಾರ ಕಾಸು, ಯಾರ ಮರ್ಯಾದೆ ಹೋಗುತ್ತೆ ಅಂತ ಮೊದಲು ನೋಡಿಕೊಳ್ಳಿ. ಇಂಡೆಂಟ್ ಪುಸ್ತಕ (ಸ್ಟೋರಿನಿಂದ ಸಾಮಾನು ತರಿಸೋಕೆ ಬರೆಯೋದು) ಯಾರ ಕೈಯಲ್ಲಿದೆ ಅಂತಲೂ ತಿಳಿದುಕೊಳ್ಳಿ. ಕ್ಲಿಪ್ಪರಿನ ಹೆಡ್ ಒಬ್ಬರಿಗೆ ಬಳಸಿ ಬಿಸಾಡೋದು, ಸ್ಟೋರಿನಲ್ಲಿ ಅದು ಖಾಲಿಯಾದ ವಾರ ನಮ್ಮಲ್ಲಿ ಈಗಲೂ ಬ್ಲೇಡು ಹೊರಗೆ ಬರುತ್ತೆ.