ಸಂಪಾದಕರ ಉತ್ತರ: ವೇಗ ಕಲಿಸಲು ಹೋಗಬೇಡಿ

"ನನಗೀಗ ನಲವತ್ತೆಂಟು. ಎರಡು ದಶಕ ಖಾಸಗಿ ಕಂಪನಿಗಳ ಖರೀದಿ ವಿಭಾಗದಲ್ಲಿದ್ದೆ. ಈಗ ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ಮೂರು ವರ್ಷದ ಗುತ್ತಿಗೆ ಹುದ್ದೆ ಸಿಕ್ಕಿದೆ. ಸಂಬಳ ಅರ್ಧಕ್ಕಿಳಿಯುತ್ತದೆ. ಫೈಲುಗಳ ನಡುವೆ ಕೊಳೆಯುತ್ತೀಯ ಅಂತಾರೆ ಗೆಳೆಯರು. ಖಾಸಗಿಯವರ ವೇಗವನ್ನು ಅಲ್ಲಿಗೆ ತರುವ ಆಸೆ ನನಗೆ. ಹೋಗಲೇ?"
(ದಾವಣಗೆರೆಯ ಓದುಗರು, ಹೆಸರು ಬೇಡ ಎಂದಿದ್ದಾರೆ)

ಧಾರಾಳವಾಗಿ ಹೋಗಿ ಸ್ವಾಮಿ. ವೇಗದ ಮಾತನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಗುತ್ತಿಗೆ ನೌಕರಿಗೆ ಸರ್ಕಾರಿ ಪಿಂಚಣಿ ಇಲ್ಲ, ಮೂರು ವರ್ಷದ ನಂತರ ಏನೆಂಬ ಖಾತರಿಯೂ ಇಲ್ಲ. ಮನೆ ಸಾಲದ ಕಂತು ಬಾಕಿಯಿದ್ದರೆ ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ. ಆ ವಿಷಯ ಅಲ್ಲಿಗೆ ಸಾಕು.

ಖರೀದಿ ಎಂದಿರಲ್ಲ, ನನ್ನ ಪರಿಚಯದ ಎಂಜಿನಿಯರ್ ಒಬ್ಬರು ನೆನಪಾದರು. ಐವತ್ತರ ಆಸುಪಾಸಿನಲ್ಲಿ ಕಾರ್ಖಾನೆ ಬಿಟ್ಟು ಸರ್ಕಾರಿ ನಿಗಮವೊಂದಕ್ಕೆ ಬಂದವರು. ಪಂಪ್‌ಸೆಟ್ ಕೊಳ್ಳಬೇಕಿತ್ತು. ತಮಗೆ ಗೊತ್ತಿದ್ದ ಒಳ್ಳೆಯ ಕಂಪನಿಯ ಹೆಸರನ್ನೇ ಟಿಪ್ಪಣಿಯಲ್ಲಿ ಬರೆದು ಕಳಿಸಿದರು. ಫೈಲು 'ಚರ್ಚಿಸಿ' ಎಂಬ ಷರಾದೊಂದಿಗೆ ವಾಪಸ್ಸು. ಇವರು ಕೆಂಡಾಮಂಡಲ. ಆಗ ವಿಭಾಗದ ಪ್ರಥಮ ದರ್ಜೆ ಸಹಾಯಕಿ ಮೆಲ್ಲಗೆ ಹೇಳಿದರಂತೆ: "ಸರ್, ಕಂಪನಿ ಹೆಸರು ಬರೆಯೋ ಹಾಗಿಲ್ಲ. ಎಷ್ಟು ನೀರೆತ್ತಬೇಕು, ಎಷ್ಟು ಎತ್ತರಕ್ಕೆ, ಅಷ್ಟು ಬರೀರಿ. ನಾಳೆ ಆಡಿಟ್‌ನೋರು ನಿಮ್ಮನ್ನೇ ಕೇಳ್ತಾರೆ." ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗೆಂದೇ 1999ರ ಕಾಯ್ದೆಯಿದೆ. ಅದು ಆಕೆಗೆ ಬಾಯಿಪಾಠ, ಇವರಿಗೆ ಹೊಸದು.

ಖಾಸಗಿಯಲ್ಲಿ ಇಂಥ ತೀರ್ಮಾನ ಒಂದು ಫೋನ್ ಕರೆಯಲ್ಲಿ ಮುಗಿಯುತ್ತದೆ. ಯಾರು ಯಾಕೆ ಹಾಗೆ ಮಾಡಿದರೆಂದು ವರ್ಷದ ಮೇಲೆ ಹೇಳುವವರಿಲ್ಲ. ಸರ್ಕಾರದಲ್ಲಿ ವಿಷಯ ನಿರ್ವಾಹಕರಿಂದ ಹಿಡಿದು ಕಾರ್ಯದರ್ಶಿಯವರೆಗೆ ಪ್ರತಿಯೊಬ್ಬರ ಅಭಿಪ್ರಾಯ, ಸಹಿ, ತಾರೀಖು ಇರುತ್ತದೆ. ಮಾಹಿತಿ ಹಕ್ಕು ಕಾಯ್ದೆ ಬಂದ 2005ರ ನಂತರವಂತೂ ಹತ್ತು ರೂಪಾಯಿ ಕಟ್ಟಿದ ಯಾರು ಬೇಕಾದರೂ ಅದರ ಪ್ರತಿ ಕೇಳಬಹುದು. ನೀವು ನಿಧಾನ ಅನ್ನುವುದರಲ್ಲಿ ಸೋಮಾರಿತನವೂ ಇದೆ, ಲಂಚದ ಆಸೆಯೂ ಇದೆ, ನಾನೇನು ಕುರುಡನಲ್ಲ. ಆದರೆ ಕಂಡವರ ದುಡ್ಡು ಖರ್ಚು ಮಾಡುವವನಿಗೆ ಇರಬೇಕಾದ ಅಂಜಿಕೆಯೂ ಅದರಲ್ಲಿದೆ.

ಹೊರಗಿನಿಂದ ಬಂದು ಗೆದ್ದವರಿಲ್ಲವೆ? ಇದ್ದಾರೆ. ಖಾಸಗಿ ವಿದ್ಯುತ್ ಕಂಪನಿಯ ಮುಖ್ಯಸ್ಥರಾಗಿದ್ದ ಆರ್.ವಿ. ಶಾಹಿ 2002ರಲ್ಲಿ ಕೇಂದ್ರದ ಇಂಧನ ಕಾರ್ಯದರ್ಶಿಯಾದರು. ಮರುವರ್ಷವೇ ಹೊಸ ವಿದ್ಯುತ್ ಕಾಯ್ದೆ ಬಂತು. ನಮ್ಮ ನಂದನ್ ನಿಲೇಕಣಿ 2009ರಲ್ಲಿ ಇನ್ಫೊಸಿಸ್ ಬಿಟ್ಟು ಆಧಾರ್‌ಗೆ ಹೋದದ್ದು ಎಲ್ಲರಿಗೂ ಗೊತ್ತು. ಆದರೆ ಇವರೆಲ್ಲ ಮಹಡಿಯ ಮೇಲೇ ಇಳಿದವರು, ಮೆಟ್ಟಿಲು ಹತ್ತಿದವರಲ್ಲ. 2024ರ ಆಗಸ್ಟ್‌ನಲ್ಲಿ ಯುಪಿಎಸ್‌ಸಿ ಇಂಥದೇ 45 ಹುದ್ದೆಗಳಿಗೆ ಅರ್ಜಿ ಕರೆದು, ಮೀಸಲಾತಿ ಎಲ್ಲಿ ಎಂಬ ಪ್ರಶ್ನೆ ಎದ್ದೊಡನೆ ಮೂರೇ ದಿನದಲ್ಲಿ ಜಾಹೀರಾತು ಹಿಂಪಡೆಯಿತು. ಆ ಪ್ರಶ್ನೆ ನ್ಯಾಯವಾದದ್ದೇ.

ನನ್ನ ಸಿಟ್ಟು ಬೇರೆ ಕಡೆಗಿದೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ಪರೀಕ್ಷೆಗೆ ಓದುತ್ತ ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಹುಡುಗ ಹುಡುಗಿಯರು ವಯೋಮಿತಿ ದಾಟುತ್ತಿದ್ದಾರೆ. ಇತ್ತ ಇಲಾಖೆಗಳು ಏಜೆನ್ಸಿಗಳ ಮೂಲಕ ಹೊರಗುತ್ತಿಗೆಯವರನ್ನು ತುಂಬಿಕೊಂಡು ದಿನ ದೂಡುತ್ತವೆ. ಬಂದವರು ಕೆಲಸ ಕಲಿಯುವಷ್ಟರಲ್ಲಿ ಗುತ್ತಿಗೆ ಮುಗಿದಿರುತ್ತದೆ. ಸಲಹೆಗಾರರು ಲ್ಯಾಪ್‌ಟಾಪ್‌ನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿ ಹೋಗುತ್ತಾರೆ. ಫೈಲು ಮತ್ತೆ ಬರುವುದು ಆ ಪ್ರಥಮ ದರ್ಜೆ ಸಹಾಯಕಿಯ ಮೇಜಿಗೇ. ಆಕೆ ನಿವೃತ್ತರಾದರೆ ಆ ಕುರ್ಚಿಗೆ ಯಾರು?

ಆದ್ದರಿಂದ ಮೊದಲ ತಿಂಗಳು ಆ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಟಿಪ್ಪಣಿ ಬರೆಯುವುದನ್ನು ಕಲಿಯಿರಿ. ನೇಮಕಾತಿ ಆದೇಶದಲ್ಲಿ ಸಹಿಯ ಅಧಿಕಾರ ನಿಮಗಿದೆಯೋ, ಬರೀ ಸಲಹೆಯೋ ನೋಡಿಕೊಳ್ಳಿ. ಆರು ತಿಂಗಳಾದ ಮೇಲೆ ಮತ್ತೊಂದು ಪತ್ರ ಬರೆಯಿರಿ. ಹೆಸರು ಆಗಲೂ ಹಾಕುವುದಿಲ್ಲ. ಅಷ್ಟರಲ್ಲಿ, ಪತ್ರಿಕೆಗೆ ಬರೆಯುವುದಕ್ಕೂ ಮಿತಿ ಹಾಕುವ ಸರ್ಕಾರಿ ನಡತೆ ನಿಯಮಗಳನ್ನು ನಿಮಗೆ ಯಾರಾದರೂ ಓದಿ ಹೇಳಿರುತ್ತಾರೆ.