ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿದ್ರೂ ಬ್ಯಾಟರಿ ಯಾಕೆ ಕೈ ಕೊಡ್ತು?

ಪ್ರಶ್ನೆ: ಸರ್, ನಮ್ಮ ಕಾರು ವಾರಕ್ಕೊಂದ್ಸಲ ಹೊರಗೆ ಹೋದ್ರೆ ಹೆಚ್ಚು, ಅದೂ ಹತ್ತು ನಿಮಿಷದ ದಾರಿ. ಬ್ಯಾಟರಿ ಹಾಳಾಗ್ಬಾರ್ದು ಅಂತ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ. ಆದ್ರೂ ಎರಡೇ ವರ್ಷಕ್ಕೆ ಸೆಲ್ಫ್ ತಗೋತಿಲ್ಲ, ಬರೀ ಕಟಕಟ ಸದ್ದು. ಬ್ಯಾಟರಿನೇ ಕಳಪೆನಾ?

ಉತ್ತರ: ಬ್ಯಾಟರಿಗೆ ಬೈಯೋಕೆ ಮುಂಚೆ ಆ ಐದು ನಿಮಿಷದ ಲೆಕ್ಕ ನೋಡೋಣ. ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟಾರು ಒಂದೆರಡು ಸೆಕೆಂಡು ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯತ್ತೆ, ಆಮೇಲೆ ಐಡ್ಲಿಂಗಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟು ತಯಾರಿಸಿ ಬ್ಯಾಟರಿ ತುಂಬೋ ಯಂತ್ರ) ಕೊಡೋದೇ ಕಮ್ಮಿ, ಅದ್ರಲ್ಲೂ ಎಸಿ, ಲೈಟು ಹಾಕಿದ್ರೆ ಬ್ಯಾಟರಿಗೆ ಉಳಿಯೋದು ಚೂರುಪಾರು. ಗಾಡಿ ಸುಮ್ನೆ ನಿಂತಾಗ್ಲೂ ಗಡಿಯಾರ, ಅಲಾರಂ, ಲಾಕ್ ಇವೆಲ್ಲ ಒಂಚೂರು ಕುಡೀತಾನೇ ಇರ್ತಾವೆ. 50 ಮಿಲಿಆಂಪ್ ಅಂತ ಇಟ್ಕೊಳ್ಳಿ, ದಿನಕ್ಕೆ 1.2 ಆಂಪಿಯರ್ ಅವರ್ ಆಯ್ತು, ಹತ್ತು ದಿನಕ್ಕೆ 12. ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯತ್ತೆ ಅನ್ನೋದನ್ನೂ ಇದೇ ಆಂಪಿಯರ್ ಅವರ್‌ನಲ್ಲೇ ಹೇಳೋದು, ನಿಮ್ದು 35ರದ್ದು ಆಗಿದ್ರೆ ಮೂರನೇ ಒಂದು ಭಾಗ ಖಾಲಿ!

ಇದಕ್ಕಿಂತ ಕೆಟ್ಟದ್ದು ಅಂದ್ರೆ ಅರೆಹೊಟ್ಟೇಲಿ ತಿಂಗಳುಗಟ್ಟಲೆ ಇರೋದು. ಚಾರ್ಜ್ ಇಳಿದಾಗ ಒಳಗಿನ ಸೀಸದ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರತ್ತೆ, ತಡ ಮಾಡದೆ ಚಾರ್ಜ್ ಮಾಡಿದ್ರೆ ಕರಗಿ ಹೋಗತ್ತೆ, ಹಾಗೇ ಬಿಟ್ರೆ ಹರಳುಗಟ್ಟಿ ಗಟ್ಟಿಯಾಗತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಅಷ್ಟು ಜಾಗ ವೇಸ್ಟೇ. ಅದಕ್ಕೇ ನಾನು ಹೇಳೋದು, ಬ್ಯಾಟರಿ ದುಡಿದು ಸಾಯೋದಕ್ಕಿಂತ ಹಸಿದು ಸಾಯೋದೇ ಜಾಸ್ತಿ. ಕೊನೇ 20 ಪರ್ಸೆಂಟ್ ತುಂಬೋಕೆ ಗಂಟೆಗಟ್ಟಲೆ ಬೇಕು, ಐದು ನಿಮಿಷದಲ್ಲಿ ಆಗೋ ಕೆಲಸ ಅಲ್ಲ. ದಿನಾ ಸ್ಟಾರ್ಟ್ ಮಾಡೋದು ಬಿಡಿ, ವಾರಕ್ಕೊಂದ್ಸಲ ಮುಕ್ಕಾಲು ಗಂಟೆ ಒಂದೇ ಸಮ ಓಡಿಸಿ, ಅದೂ ಆಗಲ್ಲ ಅಂದ್ರೆ ಆಟೋಮ್ಯಾಟಿಕ್ ಚಾರ್ಜರ್ ತಗೊಂಡು ತಿಂಗಳಿಗೊಂದ್ಸಲ ರಾತ್ರಿಯೆಲ್ಲಾ ಗಾಳಿಯಾಡೋ ಜಾಗದಲ್ಲಿ ಹಾಕಿಡಿ. ಚಾರ್ಜಿಂಗ್ ಕರೆಂಟು ಬ್ಯಾಟರಿ ಕೆಪ್ಯಾಸಿಟಿಯ ಹತ್ತನೇ ಒಂದು ಭಾಗ ಇದ್ರೆ ಸಾಕು, 35ರದ್ದಕ್ಕೆ 3.5 ಆಂಪ್. ತಿಂಗಳುಗಟ್ಟಲೆ ಗಾಡಿ ಮುಟ್ಟಲ್ಲ ಅಂದ್ರೆ ಫುಲ್ ಚಾರ್ಜ್ ಮಾಡಿ ನೆಗೆಟಿವ್ ವೈರ್ ಬಿಚ್ಚಿಟ್ಬಿಡಿ (ಗಡಿಯಾರ ಮತ್ತೆ ಸೆಟ್ ಮಾಡ್ಬೇಕಾಗತ್ತೆ).

ವೋಲ್ಟ್ ಅಳೆಯೋ ಒಂದು ಮಲ್ಟಿಮೀಟರ್ ಇಟ್ಕೊಂಡ್ರೆ ಊಹೆ ಮಾಡೋ ತಾಪತ್ರಯ ಇಲ್ಲ. ಗಾಡಿ ರಾತ್ರಿಯೆಲ್ಲಾ ನಿಂತ್ಮೇಲೆ ಬೆಳಿಗ್ಗೆ 12.6 ವೋಲ್ಟ್ ತೋರಿಸಿದ್ರೆ ಹೊಟ್ಟೆ ತುಂಬಿದೆ, 12.2 ಅಂದ್ರೆ ಹತ್ತಿರತ್ರ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಹೆಚ್ಚುಕಮ್ಮಿ ಖಾಲಿ.

ಪ್ರಶ್ನೆ: ಕಾರಲ್ಲಿ ಬಂದಿದ್ದು 35 ಆಂಪಿಯರ್ ಅವರ್ ಬ್ಯಾಟರಿ, ಅಂಗಡಿಯವ್ರು 45ರದ್ದು ಹಾಕಿಸ್ಕೊಳ್ಳಿ ಅಂತಾರೆ. ಆಲ್ಟರ್ನೇಟರ್ ಸುಟ್ಟೋಗಲ್ವಾ?

ಉತ್ತರ: ಸುಡಲ್ಲ. ಸ್ವಲ್ಪ ದೊಡ್ಡದು ಹಾಕಿದ್ರೆ ತೊಂದ್ರೆ ಇಲ್ಲ, ಟ್ರೇನಲ್ಲಿ ಸರಿಯಾಗಿ ಕೂತು ಕ್ಲ್ಯಾಂಪ್ ಬಿಗಿ ಆಗ್ಬೇಕು ಅಷ್ಟೆ, ಅಲ್ಲಾಡೋ ಬ್ಯಾಟರಿಯ ಪ್ಲೇಟು ಬೇಗ ಉದುರತ್ತೆ. ಆದ್ರೆ ಮೊದಲನೇ ಪ್ರಶ್ನೆಯವರ ಥರ ಓಡಾಟ ಕಮ್ಮಿ ಇದ್ರೆ ದೊಡ್ಡ ಬ್ಯಾಟರಿ ತಗೊಂಡೂ ಪ್ರಯೋಜನ ಇಲ್ಲ, ಅದೂ ಹಸಿದೇ ಇರತ್ತೆ. ಚಳಿ ಜಾಗದವ್ರಾದ್ರೆ ಆಂಪಿಯರ್ ಅವರ್ ಜೊತೆ ಸಿಸಿಎ ನಂಬರ್ರೂ ನೋಡಿ, ಮೈನಸ್ 18 ಡಿಗ್ರೀಲಿ ಎಷ್ಟು ಕರೆಂಟು ಕೊಡತ್ತೆ ಅನ್ನೋದು ಅದು. ಸಿಗ್ನಲ್ಲಲ್ಲಿ ತಾನೇ ಆಫ್ ಆಗೋ ಗಾಡಿ ಆದ್ರೆ ಇಎಫ್‌ಬಿ ಅಥವಾ ಎಜಿಎಂ (ಪದೇಪದೇ ಸ್ಟಾರ್ಟ್ ಆಗೋದನ್ನ ತಡೆಯೋ ಗಟ್ಟಿ ಬ್ಯಾಟರಿಗಳು), ಮೊದಲು ಯಾವ್ದಿತ್ತೋ ಅದೇ ಥರದ್ದು, ಎಜಿಎಂ ಇದ್ದ ಕಡೆ ಮಾಮೂಲಿ ಬ್ಯಾಟರಿ ಹಾಕಿಸಿ ಉಳಿಸ್ತೀನಿ ಅಂದ್ರೆ ಅದು ಉಳಿತಾಯ ಅಲ್ಲ.

ಪ್ಲಸ್ ಯಾವ ಕಡೆ ಅಂತ ನೋಡ್ಕೊಂಡು ತಗೊಳ್ಳಿ. ನಾನೊಮ್ಮೆ ಸೈಜು ಎಲ್ಲಾ ಅಳೆದು ತಂದೆ, ಬಾನೆಟ್ ಎತ್ತಿ ಕೂರಿಸಿದ್ರೆ ಪ್ಲಸ್ ಆ ತುದೀಲಿ, ವೈರು ಈ ತುದೀಲಿ, ನಾಲ್ಕು ಬೆರಳು ಸಾಲ್ದು. ಎಳೆದೂ ನೋಡ್ದೆ, ಕೊನೆಗೆ ವಾಪಸ್ ಹೊತ್ಕೊಂಡು ಹೋದೆ. ತಯಾರಾದ ತಿಂಗಳೂ ನೋಡಿ, ಆರು ತಿಂಗಳಿಂದ ಅಂಗಡೀಲಿ ಕೂತಿರೋದು ಬೇಡ, ಮೀಟರಲ್ಲಿ 12.4ಕ್ಕಿಂತ ಕಮ್ಮಿ ತೋರಿಸಿದ್ರೆ ಬೇರೆ ಕೇಳಿ.

ಪ್ರಶ್ನೆ: ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಬೆಳೀತಿದೆ, ಕೆರೆದು ತೆಗೀಲಾ?

ಉತ್ತರ: ಬರಿಗೈಲಿ ಬೇಡ, ಅದ್ರಲ್ಲಿ ಆಸಿಡ್ ಅಂಶ ಇರತ್ತೆ. ಗ್ಲೌಸ್ ಹಾಕ್ಕೊಂಡು ಮೊದಲು ನೆಗೆಟಿವ್ ಬಿಚ್ಚಿ, ಯಾಕಂದ್ರೆ ಮೊದಲೇ ಪಾಸಿಟಿವ್‌ಗೆ ಸ್ಪ್ಯಾನರ್ ಹಾಕಿ ಅದರ ಇನ್ನೊಂದು ತುದಿ ಕಾರಿನ ಬಾಡಿಯ ಲೋಹಕ್ಕೆ ತಗುಲಿದ್ರೆ ನೇರ ಶಾರ್ಟು, ಕಿಡಿ ಹಾರತ್ತೆ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಬ್ರಶ್ಶಲ್ಲಿ ಹಚ್ಚಿ, ಬುಸಬುಸ ನೊರೆ ಬಂದು ನಿಂತ್ಮೇಲೆ ಒರೆಸಿ ಒಣಗಿಸಿ. ಸೋಡಾ ನೀರು ಮುಚ್ಚಳದೊಳಗೆ ಹೋಗ್ಬಾರ್ದು. ಹಾಕೋವಾಗ ಪಾಸಿಟಿವ್ ಮೊದಲು, ಬಿಗಿ ಮಾಡಿ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಮುಚ್ಚಳ ತೆಗೆಯೋ ಬ್ಯಾಟರಿ ಆದ್ರೆ ನೀರಿನ ಮಟ್ಟನೂ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರೂ ಬೇಡ ಆಸಿಡ್ಡೂ ಬೇಡ.

ಪ್ರಶ್ನೆ: ಮೇಲಿರೋ ಇಂಡಿಕೇಟರ್ ಹಸಿರೇ ಇದೆ, ಆದ್ರೂ ಸ್ಟಾರ್ಟ್ ಆಗ್ತಿಲ್ಲ!

ಉತ್ತರ: ಆ ಇಂಡಿಕೇಟರ್ ಕಣ್ಣು ಬ್ಯಾಟರಿಯೊಳಗಿನ ಆರು ಸೆಲ್‌ನಲ್ಲಿ ಒಂದನ್ನ ಮಾತ್ರ ನೋಡತ್ತೆ. ಉಳಿದ ಐದ್ರಲ್ಲಿ ಒಂದು ಸತ್ತಿದ್ರೂ ಅದಕ್ಕೆ ಗೊತ್ತಾಗಲ್ಲ. ಲೋಡ್ ಟೆಸ್ಟ್ (ಜೋರಾಗಿ ಕರೆಂಟು ಎಳೆದು ಬ್ಯಾಟರಿ ತಾಳತ್ತಾ ಅಂತ ನೋಡೋದು) ಮಾಡಿಸಿ.

ಪ್ರಶ್ನೆ: ಇಂಜಿನ್ ಓಡ್ತಿರೋವಾಗ ಬ್ಯಾಟರಿ ವೈರ್ ಬಿಚ್ಚಿ ನೋಡಿದ್ರೆ ಆಲ್ಟರ್ನೇಟರ್ ಸರಿ ಇದ್ಯೋ ಇಲ್ವೋ ಗೊತ್ತಾಗತ್ತೆ ಅಂತಾರೆ, ನಿಜಾನಾ?

ಉತ್ತರ: ಹಳೇ ಕಾಲದ ಚಾಳಿ, ದಯವಿಟ್ಟು ಮಾಡ್ಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸುಟ್ರೆ ಬ್ಯಾಟರಿಗಿಂತ ಎಷ್ಟೋ ಪಟ್ಟು ಖರ್ಚು. ಇಂಜಿನ್ ಓಡ್ತಿರ್ಲಿ, ಟರ್ಮಿನಲ್ ಮೇಲೆ ಮೀಟರ್ ಇಡಿ, ಮಾಮೂಲಿ ಗಾಡೀಲಿ 13.8ರಿಂದ 14.5ರ ಒಳಗೆ ಇದ್ರೆ ಆಲ್ಟರ್ನೇಟರ್ ಚೆನ್ನಾಗಿದೆ. ಇಂಜಿನ್ ಓಡ್ತಿದ್ರೂ ಹನ್ನೆರಡೂವರೆ ಮೇಲೆ ಏರ್ತಾನೇ ಇಲ್ಲ ಅಂದ್ರೆ ಹೊಸ ಬ್ಯಾಟರಿ ತರೋಕೆ ಹೋಗ್ಬೇಡಿ, ಮೊದಲು ಬೆಲ್ಟು, ಆಲ್ಟರ್ನೇಟರ್ ತೋರಿಸಿ.